ಉರಾಬೆಯ ಸೊಂಟ ಹಿಡಿದ ದಿನ

ಮುರೊರಾನ್ ಬಂದರಿನ ಹಿಂದಿನ ಇಳಿಜಾರಿನಲ್ಲಿ
ಆರೇ ಸ್ಟೂಲುಗಳ ಅಂಗಡಿ.
ಒಳಗೆ ಬರುವವನು ಕೂತವರ ಬೆನ್ನಿಗೆ
ಹೊಟ್ಟೆ ಉಜ್ಜಿಕೊಂಡೇ ಬರಬೇಕು,
ಹೋಗುವವನೂ ಹಾಗೇ. ಹೀಗಾಗಿ
ಇಲ್ಲಿ ಯಾರೂ ಯಾರಿಗೂ ಪರಿಚಯ ಹೇಳಿಕೊಂಡಿಲ್ಲ,
ಕೋಟುಗಳಿಗೆ ಗೊತ್ತು.

ಗೋಡೆಯ ಮೇಲೆ ಹೊಗೆ ಕುಡಿದು ಕಂದಾದ ಮರದ ಪಟ್ಟಿಗಳು,
ಒಂಬತ್ತು ಅಡುಗೆಗಳ ಹೆಸರು. ಓದುವವರಿಲ್ಲ.
ಕೂತರೆ ಬರುವುದು ಬಂಗುಡೆ, ಅನ್ನ, ಮಿಸೊ ಸಾರು,
ಮೂಲಂಗಿ ತುರಿ ಒಂದು ಗುಡ್ಡೆ.
ಬೇಯಿಸುವವ ಉರಾಬೆ, ಬಡಿಸುವವ ಉರಾಬೆ,
ಬಳಿದು ತೊಳೆಯುವವನೂ ಅವನೇ,
ತಿಂಗಳ ಕೊನೆಗೆ ಲೆಕ್ಕ ನೋಡಿ
ತನ್ನನ್ನೇ ಬೈದುಕೊಳ್ಳುವ ಮಾಲೀಕ.
ಹತ್ತೊಂಬತ್ತು ವರ್ಷದಲ್ಲಿ ನಾನು
ಅವನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಕಂಡವನು.

ಮಾರ್ಚಿಯ ಒಂದು ಮಧ್ಯಾಹ್ನ
ಅಕ್ಕಿ ಮೂಟೆಗೆಂದು ಬಗ್ಗಿದ ಆ ಬೆನ್ನು
ಮೇಲೇಳಲಿಲ್ಲ.

ಉಕ್ಕಿನ ಕುಲುಮೆಯಲ್ಲಿ ಹುಬ್ಬು ಸುಟ್ಟುಕೊಂಡು
ನಿವೃತ್ತನಾದ ಹೊಶಿಕಾವಾ ತಲೆ ಹಿಡಿದ, ನಾನು ಕಾಲು.
ಹಿಂದಿನ ಕೋಣೆ, ಮೂರೇ ಚಾಪೆಯಗಲ,
ಬಿಯರ್ ಪೆಟ್ಟಿಗೆಗಳ ನಡುವೆ ಮಲಗಿಸಿದೆವು.
“ಡಾಕ್ಟರನ್ನ ಕರೀಲಾ?” ಅಂದಳು ಕ್ಷೌರದಂಗಡಿಯ ತಾಮಾಎ.
“ಒಲೆ ಮೇಲೆ ನಾಲ್ಕು ಮೀನಿವೆ,” ಅಂದ ಉರಾಬೆ.

ಹೀಗೆ ನಾವು ಕೌಂಟರ್ ದಾಟಿದೆವು.
ಆಚೆ ಕಡೆಯ ನೆಲ ಒಂದು ಗೇಣು ತಗ್ಗು.
ಓಹೋ, ಇಷ್ಟು ವರ್ಷ ಅವನು ಕುಳ್ಳನೆಂದುಕೊಂಡಿದ್ದೆ!
ತಂತಿ ಸುತ್ತಿದ ಇಕ್ಕುಳ. ಒಂದು ಹೆಜ್ಜೆಗೆ ಒಲೆ,
ಅರ್ಧ ಹೆಜ್ಜೆಗೆ ನೀರು. ಹಲಗೆಯ ಮೇಲೆ
ಸವೆದ ಎರಡು ಗುಳಿ, ಅವನ ಪಾದದ್ದು.
ನಿಂತೆ. ನನಗೆ ಬಿಗಿ.

ಪರದೆಯ ಹಿಂದಿನಿಂದ ದನಿ:
“ಮಗುಚಬೇಡ.”
ನಾನಿನ್ನೂ ಕೈಯೇ ಚಾಚಿರಲಿಲ್ಲ.
“ಚರಚರ ಅನ್ನೋದು ನೀರು. ಅದರ ಗಲಾಟೆ ಮುಗೀಲಿ.
ಆಮೇಲೆ ಎಣ್ಣೆ ಮಾತಾಡುತ್ತೆ, ಸಣ್ಣಗೆ.
ಆಗ.”

ಕ್ರೇನಿನ ಮೇಲೆ ಮೂವತ್ತು ವರ್ಷ ಕೂತ ಕಿವಿ ನನ್ನದು,
ಫ್ಯಾನಿನ ಗೊರಗೊರ ಬಿಟ್ಟು ಏನೂ ದಕ್ಕಲಿಲ್ಲ.
ಹೊಶಿಕಾವಾ ಕಣ್ಣು ಮುಚ್ಚಿದ,
ಕುಲುಮೆಯ ಮುಂದೆ ನಿಂತವನ ಹಾಗೆ.
ತಾಮಾಎ ಮಾತ್ರ ಒಲೆಗೆ ಬಗ್ಗಿ, ಯಾರದೋ ಗುಟ್ಟು
ಕೇಳುವವಳಂತೆ ತಲೆ ವಾಲಿಸಿ,
“ಈಗ,” ಅಂದಳು.
“ಈಗ,” ಅಂದ ಒಳಗಿಂದ ಅವನೂ.

ಅಷ್ಟರಲ್ಲಿ ಬಾಗಿಲು ಸರಿದು
ಟ್ರಕ್ಕಿನ ಹುಡುಗನೊಬ್ಬ, ಮಂಜು ಹೊದ್ದುಕೊಂಡು.
“ಬನ್ನಿ ಬನ್ನಿ!” ಅಂತ ಮೂವರೂ ಕೂಗಿದೆವು.
ಎಲ್ಲರಿಗಿಂತ ಜೋರಾಗಿ ನೆಲದಿಂದ ಇನ್ನೊಂದು “ಬನ್ನಿ!”
ಹುಡುಗ ಪರದೆಯನ್ನೊಮ್ಮೆ ನೋಡಿ
ಏನೂ ಕೇಳದೆ ಕೂತ.
ಸಾರು ಅವನ ಮುಂದಿಡುವಾಗ
ನನ್ನ ಕೈ ನಡುಗಿತು. ಹಡಗಿನ ಹೊಟ್ಟೆಗೆ
ಟನ್ನುಗಟ್ಟಲೆ ಇಳಿಸುವಾಗ ನಡುಗದ ಕೈ.

ಉರಾಬೆಗೂ ಒಂದು ತಟ್ಟೆ ಹೋಯಿತು.
ಮಗ್ಗುಲಲ್ಲೇ ಮಲಗಿ, ಮುಳ್ಳು
ತಾಮಾಎಯ ಬಾಚಣಿಗೆಯಷ್ಟು ಚೊಕ್ಕ ಮಾಡಿ ತಿಂದ.
“ಉಪ್ಪು ಜಾಸ್ತಿ.”
ತಟ್ಟೆ ವಾಪಸು ಕೊಟ್ಟ. ಮತ್ತೆ, ಗೋಡೆ ಕಡೆ ತಿರುಗಿ,
“ಅನ್ನ ಇದೆಯಾ, ಇನ್ನೊಂದು ಸ್ವಲ್ಪ?”

ಹೊರಡುವಾಗ, “ದುಡ್ಡು ಬೇಡ,” ಅಂದ,
“ಬೇಯಿಸಿದ್ದು ನೀವೇ.”
ನಾವು ಕೇಳಲಿಲ್ಲ. ಚಹಾದ ಹಳೇ ಡಬ್ಬಿಗೆ
ಒಬ್ಬೊಬ್ಬರಾಗಿ ನಾಣ್ಯ ಹಾಕಿದೆವು,
ಟಣ್ ಟಣ್ ಟಣ್,
ಕೋಟು ಹಾಕಿಕೊಂಡೆವು, ಬಾಗಿಲಿಗೆ ಕೈ ಇಟ್ಟೆವು.

“ಹೊಶಿಕಾವಾ,” ಅಂತು ಪರದೆ,
“ಐವತ್ತು ಕಮ್ಮಿ.”