ಮೂವತ್ತೇಳನೆಯ ಕಾರ್ಡು

ಗ್ರಾಂಟ್ ರೋಡಿನ ಸೇತುವೆ ಇಳಿದು ಮೂರನೆಯ ಓಣಿ.
ಮುರ್ತಜಾಭಾಯಿಯ ಅಂಗಡಿಯಲ್ಲಿ ಒಬ್ಬರು ಒಳಗಿದ್ದರೆ
ಇನ್ನೊಬ್ಬರು ಹೊರಗೆ ನಿಲ್ಲಬೇಕು.
ಬಿಸ್ಕತ್ತಿನ ಡಬ್ಬಿ ಮುಂದಿಟ್ಟರು.
"ನಿಧಾನ, ಬೆಹೆನ್. ಮೂಲೆ ಮಡಚೀತು."

ಇಪ್ಪತ್ತಾರು ವರ್ಷ ಬ್ಯಾಂಕಿನಲ್ಲಿ ನೋಟೆಣಿಸಿದ ಬೆರಳು
ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳನ್ನೂ
ಹಾಗೇ ಎಣಿಸುತ್ತದೆ, ಉಗುಳು ಹಚ್ಚದೆ.
ಹನ್ನೊಂದು, ಹನ್ನೊಂದು, ಮತ್ತೆ ಹನ್ನೊಂದು.
ಆ ವಿಕೆಟ್‌ಕೀಪರ್ ಊರಿಗೆಲ್ಲ ಸಿಕ್ಕಿದ್ದ.
ನಮಗೆ ಸಿಗದವನು ಮೂವತ್ತೇಳು,
ಎಡಗೈ ಸ್ಪಿನ್ನರ್, ಆಡಿದ್ದು ಒಂದೇ ಟೆಸ್ಟು.
ಅವನಿಗಾಗಿ ಗಮ್ ಜಗಿದೂ ಜಗಿದೂ
ತಮ್ಮನ ದವಡೆ ಹಲ್ಲೇ ಹೋಯಿತು.

ಇವತ್ತು ಸಿಕ್ಕ.
ಮುಖದ ಮೇಲೊಂದು ಗೆರೆ. ಬೆನ್ನಿಗೆ ಗೋಂದು,
ಗೋಂದಿಗೆ ಅಂಟಿ ಬಂದ ಚೌಕುಳಿ ಹಾಳೆಯ ಚೂರು,
ಅದರಲ್ಲಿ ಯಾವನೋ ಹುಡುಗನ ಪೆನ್ಸಿಲ್ಲು:
ಏಳೆಂಟ್ಲೆ ಐವತ್ನಾಲ್ಕು.

"ನೀರಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತೆ," ಅಂದರು ಮುರ್ತಜಾಭಾಯಿ,
"ಹೀಗೇ ಒಯ್ದರೆ ನೂರು ಕಮ್ಮಿ."
ಹೀಗೇ ಕೊಡಿ ಅಂದೆ.

ಲೋಕಲ್ಲಿನಲ್ಲಿ ಚೀಲ ಎದೆಗವಚಿ ನಿಂತು
ದಾದರಿನವರೆಗೂ ಲೆಕ್ಕ ಹಾಕಿದೆ
ಆ ಎರಡು ಎಲ್ಲಿ ಹೋಯಿತು ಅಂತ.