ಅಲಗಿನಂಚಿನ ಎಳೆ

ಜೋಲಿಂಗೆನ್ ಊರಿನ ಕೆಳಗೆ, ವುಪ್ಪರ್ ಹೊಳೆಯ ತಿರುವಿನಲ್ಲಿ
ಅಪ್ಪನ ಸಾಣೆಮನೆ. ನೀರು ಚಕ್ರ ತಿರುಗಿಸುವುದು ನಿಂತು
ಎಷ್ಟೋ ವರ್ಷ; ಈಗ ಮೋಟರು.
ಕಿಟಕಿ ಮಾತ್ರ ಅದೇ, ಉತ್ತರಕ್ಕೆ.
ಮಸೆದ ಕ್ಷೌರದ ಕತ್ತಿಯನ್ನು ಅದರೆದುರು ಎತ್ತಿ
ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ:
ಬಾಯಂಚಿನಲ್ಲಿ ಬೆಳ್ಳನೆ ಎಳೆ ಮಿಣುಕಿತೋ,
‘ಇನ್ನೂ ಮೊಂಡು.’ ಮತ್ತೆ ಸಾಣೆಗೆ.

ಫೋಲ್ಕರ್ ಎಂಬ ಹುಡುಗ ಕೆಲಸ ಕಳೆದುಕೊಂಡದ್ದು ಆ ಎಳೆಯಿಂದಲೇ.
ಒಂದೇ ಕತ್ತಿಯನ್ನು ಏಳು ಸಲ ಮಸೆದು ತಂದ,
ಏಳು ಸಲವೂ ಅದು ಅಲ್ಲೇ ಇತ್ತು.
‘ಕೈಯಲ್ಲಿ ಕಸುಬಿಲ್ಲ’ ಎಂದ ಅಪ್ಪ.
ಏಪ್ರನ್ನು ಮೊಳೆಗೆ ಸಿಕ್ಕಿಸಿ ಹುಡುಗ ದಿಬ್ಬ ಹತ್ತಿ ಹೋದ.
ನಾನು ಮೆಟ್ಟಿಲ ಮೇಲೆ ಕೂತು ಸೇಬು ತಿನ್ನುತ್ತಿದ್ದೆ.

ಈಗ ನಾನು ರೆಮ್‌ಶೈಡಿನ ಶಾಲೆಯಲ್ಲಿ ಭೌತಶಾಸ್ತ್ರದ ಟೀಚರು.
ನಾಳೆಯ ಪಾಠಕ್ಕೊಂದು ಸೀಳು ಬೇಕಿತ್ತು.
ಅಪ್ಪನ ಎರಡು ಕತ್ತಿ, ಬಾಯಿಗೆ ಬಾಯಿ ಎದುರಿಟ್ಟು,
ನಡುವೆ ಕೂದಲೆಳೆಯ ಸಂದು.
ದೀಪ ಆರಿಸಿ ಲೇಸರ್ ಬಿಟ್ಟೆ.
ಗೋಡೆಯ ಮೇಲೆ ಚುಕ್ಕಿಯಿಲ್ಲ; ಪಟ್ಟಿ.
ನಡುವೆ ದಪ್ಪ ಕೆಂಪು, ಆಚೀಚೆ ಕತ್ತಲು,
ಮತ್ತೆ ಕೆಂಪು, ಮತ್ತೆ ಕತ್ತಲು,
ಹೊಸಿಲು ದಾಟಿದರೂ ಮಾತು ಮುಗಿಯದ ನೆಂಟರಂತೆ
ದೂರ ದೂರಕ್ಕೆ, ಸಣ್ಣಗೆ.

‘ಸಂದು ಕಿರಿದು ಮಾಡು.’ ಮಾಡಿದೆ.
ಪಟ್ಟಿ ಇನ್ನೂ ಅಗಲವಾಯಿತು.
‘ಕಿರಿದು ಮಾಡು ಅಂದೆ!’
ಮಾಡಿದ್ದೇನಪ್ಪಾ. ಇಕ್ಕಟ್ಟಾದಷ್ಟೂ ಹರಡುತ್ತದೆ,
ಅಲೆಯಲ್ಲವೇ ಅದು.
‘ನನ್ನ ಅಲಗು ಸರಿಯಿಲ್ಲವೇ ಹಾಗಾದರೆ?’

ಒಂದು ಕತ್ತಿ ತೆಗೆದಿಟ್ಟೆ. ಉಳಿದದ್ದು ಒಂದೇ ಅಂಚು.
ಎಷ್ಟೇ ಹರಿತವಾಗಿರಲಿ, ಬೆಳಕು ಅಲ್ಲಿ ಬಾಗುತ್ತದೆ,
ನೆರಳಿನೊಳಗೂ ಒಂದಿಷ್ಟು ಇಣುಕುತ್ತದೆ.
ಪುಸ್ತಕದಲ್ಲಿ ಅದಕ್ಕೆ ವಿವರ್ತನೆ ಎನ್ನುತ್ತಾರೆ.
ನೆರಳಿನ ಕಡೆ ನಿಂತು ನೋಡಿದವರಿಗೆ
ಅಂಚೇ ಹೊತ್ತಿಕೊಂಡಂತೆ ಒಂದು ಎಳೆ...
ಎಳೆ ಅಂದೊಡನೆ ನನ್ನ ನಾಲಿಗೆ ನಿಂತಿತು.

ಅಪ್ಪ ಬಹಳ ಹೊತ್ತು ಗೋಡೆ ನೋಡಿದ.
ಹೆಬ್ಬೆರಳು ಗೆಣ್ಣುಗಳನ್ನು ಎಣಿಸುತ್ತಿತ್ತು,
ಕತ್ತಿಗಳನ್ನೋ, ವರ್ಷಗಳನ್ನೋ.
‘ಎಲ್ಲವೂ ಅಲ್ಲ’ ಎಂದ. ‘ಕೆಲವು ನಿಜಕ್ಕೂ ಮೊಂಡು.’
ಹೌದು ಅಂದೆ. ಕಾಫಿ ಆರಿಹೋಗಿತ್ತು.

ಬೆಳಿಗ್ಗೆ ನಾನು ಹೊರಡುವಾಗ ಕಿಟಕಿಯೆದುರು ನಿಂತಿದ್ದ,
ಕತ್ತಿ ಎತ್ತಿ, ಒಂದು ಕಣ್ಣು ಮುಚ್ಚಿ.
ಎಳೆ ಇದೆಯೆಂದು ಅವನ ಭುಜ ನೋಡಿಯೇ ತಿಳಿಯಿತು.
ಮೋಟರು ಹಾಕಲಿಲ್ಲ.
ಮುಂಗೈ ಮೇಲೆ ಒಮ್ಮೆ ಎಳೆದ, ನಾಲ್ಕು ನರೆಗೂದಲು ಸದ್ದಿಲ್ಲದೆ ಉದುರಿದವು.
ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟು
ಇತ್ತ ತಿರುಗದೆ ಕೇಳಿದ:
‘ಆ ಹುಡುಗನ ಮನೆತನದ ಹೆಸರು ಏನಿತ್ತು?’