ಮಿರಜಿನಲ್ಲಿ ಮೂರು ತಾಸು

ದವಾಖಾನೆಯ ಚೀಟಿಯಲ್ಲಿ ಅತ್ತೆಯ ನಂಬರು ನಲವತ್ತೊಂದು.
ಒಳಗೆ ಹೋದವರು ಇನ್ನೂ ಹದಿನಾರನೆಯವರು.
ಹೋಗು, ಊರು ನೋಡಿ ಬಾ ಎಂದು
ಕೈಸನ್ನೆಯಲ್ಲೇ ಅಟ್ಟಿದಳು.
ಗಂಟಲಲ್ಲಿ ಗಂಟು, ಮಾತು ಬಂದ್.
ಇಪ್ಪತ್ತೆರಡು ವರ್ಷ ರಾಯಬಾಗದ ಸ್ಟ್ಯಾಂಡಿನಲ್ಲಿ
ಬಸ್ಸಿನ ಕಿಟಕಿ ಕಿಟಕಿಗೂ
'ಶೇಂಗಾ, ಬಿಸೀ ಶೇಂಗಾ' ಕೂಗಿ ಸವೆದ ಕೊರಳು.

ನಮ್ಮ ಕಡೆ ಮಿರಜು ಎಂದರೆ ಇಷ್ಟೇ:
ಕೆಟ್ಟದ್ದನ್ನು ಒಯ್ಯುವ ಊರು.
ಕಾಲು ಮುರಿದರೆ ಮಿರಜು, ಕಣ್ಣು ಮಂಜಾದರೆ ಮಿರಜು,
'ಮಿರಜಿಗೆ ಒಯ್ದಾರಂತ' ಅಂದರೆ ಓಣಿಯಲ್ಲಿ
ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ.
ಇಲ್ಲಿ ನೋಡುವಂಥದ್ದೂ ಇದೆಯೆಂದು
ಯಾರು ಹೇಳಿದ್ದರು?

ಸ್ಟೇಶನ್ನಿನ ಎದುರು ಚಹಾ ಕುಡಿಯುತ್ತ ಕೂತಿದ್ದ
ದಗಡೂ ಮಾಮಾ, ರಿಟಾಯರಾದ ಪಾಯಿಂಟ್ಸ್‌ಮನ್ನು,
ತಾನು ಮರಾಠಿ, ನಾನು ಕನ್ನಡ,
ನಡುವೆ ಒಂದೇ ಬಶಿ.
'ಮೂರು ಅಗಲದ ಹಳಿ ಕೂಡಿದ ಜಂಕ್ಷನ್ ಇದು,
ದೊಡ್ಡದು, ನಡುವಿನದು, ಕೂಸಿನ ಗಾಡಿಯದು.
ಹಮಾಲರ ಬೆನ್ನಿಗೇ ಗೊತ್ತಿತ್ತು
ಯಾವ ಡಬ್ಬಿಗೆ ಎಷ್ಟು ಬಗ್ಗಬೇಕೆಂದು.'
ಈಗ ಎಲ್ಲವೂ ಒಂದೇ ಅಗಲ ಎನ್ನುವಾಗ
ಅವನ ದನಿಯಲ್ಲಿ ಸಂತೋಷವೂ ಇರಲಿಲ್ಲ, ದುಃಖವೂ.
ಆಮೇಲೆ ಬಶಿ ಕೆಳಗಿಟ್ಟು ಅಂದ:
'ಹದಿನಾರರ ಬರದಾಗ ಇಲ್ಲಿಂದಲೇ
ಲಾತೂರಿಗೆ ರೈಲಿನಲ್ಲಿ ನೀರು ಹೋಯ್ತು.
ಹತ್ತು ಟ್ಯಾಂಕರು ಕೃಷ್ಣೆ!'

ರೈಲು ಹಳಿ ತಪ್ಪಿದ್ದು ಕೇಳಿದ್ದೆ,
ಹೊಳೆ ಹಳಿ ಹತ್ತಿದ್ದು ಕೇಳಿರಲಿಲ್ಲ.
ನಮ್ಮೂರ ಮಗ್ಗಲಲ್ಲೇ ಹಾದು ಹೋಗುವ ಅದೇ ಹೊಳೆ,
ಒಮ್ಮೆಯೂ ಬಾಯಿಬಿಡಲಿಲ್ಲ.

ಆ ಗಲ್ಲಿಯಲ್ಲಿ ಮೊದಲು ಕಂಡದ್ದು ಕಾಯಿಗಳು.
ಜಂತಿಗೆ, ಗೋಡೆಗೆ, ಒಬ್ಬರ ಸೈಕಲ್ಲಿನ ಹ್ಯಾಂಡಲಿಗೂ,
ಬುರುಡೆಯಂಥ ಒಣ ಕುಂಬಳ.
'ಇಷ್ಟೆಲ್ಲ ಪಲ್ಯ ಯಾರು ತಿಂತಾರ?' ಎಂದು
ನನಗೇ ಹೇಳಿಕೊಂಡರೆ ಒಳಗಿನಿಂದ ಕನ್ನಡದಲ್ಲಿ ಉತ್ತರ:
'ನಾಲಿಗಿಗೆ ಹಚ್ಚೀಯೇ ಮತ್ತ, ವಿಷದಂಥ ಕಹಿ!'
ಇಲಾಹಿ ಚಾಚಾ. ತಾಯಿಯ ತವರು ಉಗಾರವಂತೆ.
'ಸಿಹಿ ಇದ್ದದ್ದನ್ನ ಹುಳ ತಿಂತಾವ.
ಕಹಿ ಇದ್ದದ್ದು ತಂಬೂರಿ ಆಗತದ.'

ಅವನ ಮುತ್ತಜ್ಜನ ಅಜ್ಜ ಕತ್ತಿಗೆ ಸಾಣೆ ಹಿಡಿಯುವವನು.
ಕಾಳಗ ನಿಂತವು, ಹೊಟ್ಟೆ ನಿಲ್ಲಲಿಲ್ಲ.
'ಉಕ್ಕಿಗೇನು, ಬಡಿದರೆ ಕತ್ತಿ, ಎಳೆದರೆ ತಂತಿ'
ಎನ್ನುತ್ತ ಒಂದು ತಂಬೂರಿಯನ್ನು ತೊಡೆಗೆ ಒರಗಿಸಿ
'ಇದರ ಜವಾರಿ ಇನ್ನೂ ಕೂತಿಲ್ಲ' ಎಂದ.

ಜವಾರಿ!
ನಮಗೆ ಜವಾರಿ ಎಂದರೆ ಬದನೆಕಾಯಿ, ಕೋಳಿ, ಸವತಿಕಾಯಿ,
ಪಾಕೀಟಿನ ಬೀಜಕ್ಕೆ ಹುಟ್ಟದೇ ಇದ್ದದ್ದು.
ಅವನು ನಕ್ಕು, ತಂತಿ ಕೂರುವ ಪುಟ್ಟ ಪೀಠವನ್ನು
ಕೂದಲೆಳೆಯಷ್ಟು ಉಜ್ಜಿದ.
ಮೀಟಿದರೆ ಸೊಳ್ಳೆಯ ದನಿ.
ಆಗ ಅಂಗಿಯ ಗುಂಡಿ ಹಚ್ಚುವಂಥ ಹತ್ತಿಯ ದಾರವೊಂದನ್ನು
ತಂತಿಯ ಕೆಳಗೆ ಸರಿಸಿದ,
ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ,
ಮತ್ತೆ ಮೀಟಿದ.

ಏನೆನ್ನಲಿ.
ನಸುಕಿನಲ್ಲಿ ಹೊಳೆ ದಂಡೆಯ ಪಂಪ್‌ಸೆಟ್ಟುಗಳೆಲ್ಲ
ಒಟ್ಟಿಗೆ ಶುರುವಾಗಿ, ತುಂಬ ದೂರದಿಂದ
ಹಾಸಿಗೆಯಲ್ಲಿ ಮಲಗಿದವರಿಗೆ ಕೇಳಿದಂತೆ.
'ದಾರಕ್ಕೆ ಹೆಸರು ಜೀವ,' ಎಂದ ಚಾಚಾ.
'ಮುಟ್ಟಬೇಕು. ಹಿಡೀಬಾರದು.'

ತಿರುಗಿ ಬಂದಾಗ ಮೂವತ್ತೊಂಬತ್ತು ನಡೆದಿತ್ತು.
ಅತ್ತೆಯ ಮಗ್ಗಲಲ್ಲಿ ಕೂತು ಎಲ್ಲ ಹೇಳಿದೆ:
ಮೂರು ಹಳಿ, ರೈಲು ಹತ್ತಿದ ನೀರು,
ಕಹಿ ಕಾಯಿ, ಕತ್ತಿಯವರ ತಂತಿ, ಜೀವವೆಂಬ ದಾರ.
ಅತ್ತೆ ಪೂರಾ ಕೇಳಿಸಿಕೊಂಡಳು,
ಗಿರಾಕಿ ಪೊಟ್ಟಣ ಬಿಚ್ಚಿ ತಿನ್ನುವುದನ್ನು ನೋಡುವ ಹಾಗೆ.
ಆಮೇಲೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ
ಹುಬ್ಬೇರಿಸಿದಳು:
ಎಷ್ಟಂತ, ಒಂದಕ್ಕ?

ಅದನ್ನೊಂದು ಕೇಳಿರಲಿಲ್ಲ ನಾನು.
ಹಣೆ ಬಡಿದುಕೊಂಡಳು, ಸದ್ದಿಲ್ಲದೆ ನಕ್ಕಳು,
ಒಳಗಿನಿಂದ ಕೂಗಿದರು, 'ಏಕೇಚಾಳೀಸ!'
ಲೆಕ್ಕ ಯಾವ ಭಾಷೆಯದಾದರೇನು,
ಸಂತೆಯವಳು,
ನನಗಿಂತ ಮೊದಲೇ ಎದ್ದು ನಿಂತಿದ್ದಳು.